ಸೊಟ್ಟ ಬಂದೂಕು

ಸಿಂಧನೂರಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮೊಣಕಾಲಿಗೆ ಒರಗಿಸಿಕೊಂಡಿದ್ದ ಉದ್ದನೆಯ ಚೀಲವನ್ನು ನೋಡಿ, "ಏನ್ರೀ ಟೀಚರ್, ತಂಬೂರಿ ಏನು? ಭಜನಾಕ್ಕ ಹೊಂಟೀರೇನು?" ಎಂದು ಕೇಳಿದ. ಹೌದು ಎಂದೆ. ಬಂದೂಕು ಎಂದಿದ್ದರೆ ಯಾರದು, ಯಾಕೆ, ಹೆಣ್ಣುಮಗಳಿಗೆ ಇದೆಲ್ಲ ಯಾತಕ್ಕೆ ಎಂದು ಮಸ್ಕಿ ದಾಟುವವರೆಗೂ ಉತ್ತರ ಹೇಳಬೇಕಾಗುತ್ತಿತ್ತು. ನನ್ನಲ್ಲಿ ಅಷ್ಟು ತ್ರಾಣ ಇರಲಿಲ್ಲ. ಈಚೆಗೆ ನಾನು ಹೇಳುವ ಸುಳ್ಳುಗಳೆಲ್ಲ ದಣಿವಿನಿಂದ ಹುಟ್ಟಿದವು.

ಚೀಲದಲ್ಲಿದ್ದದ್ದು ಅಪ್ಪನ ಜೋಡುನಳಿಗೆಯ ಬಂದೂಕು. ಅಪ್ಪ ಬಸವಂತರಾಯರು ಗುರುಗುಂಟಾದ ನಮ್ಮ ಹೊಲಕ್ಕೆ ಹಂದಿ ನುಗ್ಗದಿರಲೆಂದು ಅದನ್ನು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಠಾಣೆಗೆ ಹೋಯಿತು. ಒಬ್ಬಳೇ ಮಗಳಾದ ನಾನು ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದೆ. ಹೋದ ಕಡೆಯೆಲ್ಲ, "ಶಿವಕುಮಾರಿ ಅಂದ್ರ ನೀವಾ?" ಎಂದು ಕೇಳಿ ನನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೋ ಎಂದು ಇಣುಕುತ್ತಿದ್ದರು. ಯಾರೂ ನಿಂತಿರಲಿಲ್ಲ. ನಾನು ಮದುವೆಯಾಗಲಿಲ್ಲ. ಗುರುಗುಂಟಾದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ, ಬಿಸಿಲಿನಲ್ಲಿ ಸೀಟಿ ಊದುತ್ತ ನಲವತ್ತು ದಾಟಿದೆ. ಲಿಂಗಸುಗೂರಿನಲ್ಲಿ ಮನೆ ಮಾಡಿಕೊಂಡು ಅವ್ವನ ಜೊತೆ ಇದ್ದೇನೆ.

ಅವ್ವ ಬಸವಣ್ಣೆಮ್ಮನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ಅದೂ ಮೊದಲಿಗಿಂತ ಹರಿತವಾಗಿ. ಡಾಕ್ಟರು ಎಡಗೈಯಿಂದ ಊಟ ಮಾಡುವುದನ್ನು ರೂಢಿ ಮಾಡಿಸಿ ಎಂದಾಗ ಅವ್ವ ಅವರ ಮುಖಕ್ಕೇ ಹೇಳಿದಳು: "ಎಡಗೈಲೆ ಉಣ್ಣೋದಕ್ಕಿಂತ ಉಪಾಸ ಸಾಯೋದು ಚೊಲೋ. ನಿಮ್ಮ ಮನ್ಯಾಗ ಹಂಗಾ ಉಣ್ತೀರೇನು?" ಎಡಗೈ ಯಾವ ಕೆಲಸಕ್ಕೆ ಎಂಬುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡಾಕ್ಟರು ನಕ್ಕರು. ನಗುವುದು ಅವರಿಗೆ ಸುಲಭ, ದಿನಾ ಉಣಿಸುವವಳು ನಾನು.

ಅವ್ವ ಬೇರೆಯವರ ಕೈಯ ತುತ್ತನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಾನು ಉಣಿಸಬೇಕು, ಸಂಜೆ ಬಂದು ನಾನೇ ಉಣಿಸಬೇಕು. ನಡುಹಗಲು ಪಕ್ಕದ ಮನೆಯ ಹೊನ್ನೂರಮ್ಮ ಬಂದು ಲೋಟ ಹಿಡಿದು ಅಂಬಲಿ ಕುಡಿಸುತ್ತಾಳೆ, ಅಷ್ಟಕ್ಕೆ ಅಪ್ಪಣೆ ಇದೆ. ತುತ್ತು ಸಣ್ಣದಾದರೆ ಬೈಗುಳ, ದೊಡ್ಡದಾದರೆ ಬೈಗುಳ. ನಾನು ತಾಯಿಯನ್ನು ಪ್ರೀತಿಸುತ್ತೇನೆ. ಆದರೆ ತಟ್ಟೆ ಹಿಡಿದು ಅವಳ ಮಂಚದ ಅಂಚಿಗೆ ಕುಳಿತಾಗ ಪ್ರೀತಿಯ ನೆನಪೇ ಆಗುವುದಿಲ್ಲ, ಯಾವಾಗ ಮುಗಿದೀತೋ ಎಂದಷ್ಟೇ ಅನ್ನಿಸುತ್ತದೆ.

ಐತಾರದ ಮುಂಜಾನೆಯೊಂದು ಮಾತ್ರ ನನ್ನದು. ಚುನಾವಣೆಯ ಹೊತ್ತಿನಲ್ಲಿ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ಆಗ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಜವಳಗೇರಾದ ಆಂಜನೇಯ ಎಂಬ ಮಾಜಿ ಸೈನಿಕರು. ಮಸ್ಕಿಯ ಹೊರಗೆ ಬೆಳೆ ಬಾರದ ಕಲ್ಲುಭೂಮಿಯಲ್ಲಿ ಅವರದೊಂದು ಕ್ಲಬ್ಬು. ಯಂತ್ರವೊಂದು ಚಹಾದ ಬಸಿಯಷ್ಟಗಲದ ಬಿಲ್ಲೆಗಳನ್ನು ಗಾಳಿಗೆ ಎಸೆಯುತ್ತದೆ, ಅವು ನೆಲಕ್ಕೆ ಬೀಳುವ ಮೊದಲು ಗುಂಡು ಹೊಡೆದು ಒಡೆಯಬೇಕು. ನಾನು ನಸುಕಿನ ಬಸ್ಸಿಗೆ ಹೋಗಿ, ಹೊತ್ತೇರುವ ಮೊದಲು ಓಡಿಬಂದು ಅವ್ವನಿಗೆ ಉಣಿಸುತ್ತಿದ್ದೆ. ನಾನು ಬರುವವರೆಗೂ ಅವಳ ಹೊಟ್ಟೆಗೆ ಹೊನ್ನೂರಮ್ಮ ಕುಡಿಸಿದ ಚಹಾ ಅಷ್ಟೇ. ಆ ಎರಡು ತಾಸಿನಲ್ಲಿ ನಾನು ಯಾರಿಗೂ ಏನೂ ಉಣಿಸಬೇಕಿರಲಿಲ್ಲ, ಯಾರನ್ನೂ ಸಾಲಾಗಿ ನಿಲ್ಲಿಸಬೇಕಿರಲಿಲ್ಲ. ಅದಕ್ಕಾಗಿಯೇ ಹೋಗುತ್ತಿದ್ದೆ.

ಆದರೆ ಒಂದೇ ಒಂದು ಬಿಲ್ಲೆಯನ್ನೂ ಒಡೆದಿರಲಿಲ್ಲ. ಮಳೆಗಾಲ ಮುಗಿದು ಚಳಿ ಬಂದರೂ ಇಲ್ಲ. ಪಿ.ಟಿ. ಟೀಚರ್ ಅನ್ನಿಸಿಕೊಂಡವಳಿಗೆ ಇದು ನಾಚಿಕೆಯ ಮಾತು. ಭುಜ ಕಪ್ಪಿಟ್ಟಿತ್ತು, ಕೆನ್ನೆಯ ಮೂಳೆ ನೋಯುತ್ತಿತ್ತು, ಬಿಲ್ಲೆಗಳು ಹಾರಿಹೋಗಿ ಕಲ್ಲಿನ ಮೇಲೆ ತಾವಾಗಿಯೇ ಬಿದ್ದು ಒಡೆಯುತ್ತಿದ್ದವು. ಒಂದು ಒಡೆದರೆ ಸಾಕು, ಒಂದೇ ಒಂದು, ಎಂದು ವಾರವೆಲ್ಲ ಹಂಬಲಿಸುತ್ತಿದ್ದೆ. ಕೊನೆಗೆ ಆಂಜನೇಯ ಅವರೇ ಹೇಳಿದರು:

"ತಪ್ಪು ನಿಮ್ಮದಲ್ರೀ ಟೀಚರ್. ನಿಮ್ಮ ಅಪ್ಪಾರು ಆರಡಿ ಆಳು, ನೀವು ಇಷ್ಟದೀರಿ. ಅವರ ಅಂಗಿ ಹಾಕ್ಕೊಂಡು ಓಡಾಕತ್ತಂಗಾಗೇತಿ. ಸಿಂಧನೂರಾಗ ಮಂಜೂರ್ ಸಾಹೇಬರ ಅಂಗಡಿಗೆ ಹೋಗ್ರಿ. ನಿಮ್ಮ ಮೈಗೆ ಕೂಡೋ ಬಂದೂಕು ತಗೋರಿ."

ಹಾಗಾಗಿ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸಿಂಧನೂರಿನ ಬಸ್ಸು ಹತ್ತಿದ್ದೆ.

ಮಂಜೂರ್ ಸಾಹೇಬರು ಅಪ್ಪನನ್ನು ಬಲ್ಲವರು. ಬಂದೂಕು ನೋಡಿದ ಕೂಡಲೇ, "ಅರೇ, ಗೌಡರ ಮಾಲು!" ಎಂದು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಚಹಾ ತರಿಸಿದರು. ಆಮೇಲೆ, ನಾನು ಏನು ಬೇಕೆಂದು ಹೇಳುವ ಮೊದಲೇ, ಕಡ್ಡಿಯಂಥ ಬಂದೂಕೊಂದನ್ನು ಮುಂದಿಟ್ಟರು.

"ಇದು ತಗೋರಿ ಅಕ್ಕಾವರ. ಹೂವಿನಂಗ ಹಗುರ. ಹೆಣ್ಮಕ್ಕಳಿಗೆ ಹೇಳಿ ಮಾಡಿಸಿದಂಗ ಐತಿ."

"ಬಂದೂಕು ಹಗುರಾದಷ್ಟೂ ಭುಜಕ್ಕ ಒದಿಯೋದು ಜಾಸ್ತಿ ಅಂತಾರಲ್ರೀ?"

"ಅದು ಸ್ವಲ್ಪ ಇರತೈತ್ರಿ. ಇರಂಗಿಲ್ಲ ಅಂತ ಅಲ್ಲ. ಹಂಗಂತ ಇರತೈತಿ ಅಂತಾನೂ ಅಲ್ಲ."

"ಹೆಣ್ಮಕ್ಕಳು ಒದಿ ತಿನ್ನಾಕ ಹುಟ್ಟ್ಯಾರ ಅಂತ ಯಾರರ ನಿಮಗ ಹೇಳ್ಯಾರೇನು?"

ಅವರು ಗಡ್ಡ ನೀವಿಕೊಂಡು ನಕ್ಕು ಅದನ್ನು ಒಳಗಿಟ್ಟರು. ಬೇರೆಯವು ಬಂದವು. ಒಂದು ನಳಿಗೆಯ ಮೇಲೆ ಇನ್ನೊಂದು ನಳಿಗೆ ಇರುವಂಥವು, ಬಿಲ್ಲೆ ಹೊಡೆಯುವವರು ಇಟ್ಟುಕೊಳ್ಳುವಂಥವು. ಪರೀಕ್ಷೆ ಸರಳವಾಗಿತ್ತು. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆತ್ತಬೇಕು, ಕಟ್ಟಿಗೆಯ ಹಿಡಿಗೆ ಕೆನ್ನೆ ತಾಗಿಸಬೇಕು, ಕಣ್ಣು ತೆರೆಯಬೇಕು.

"ನಳಿಗಿ ತುದ್ಯಾಗಿನ ಮಣಿ ಐತಲ್ರೀ, ಅದನ್ನ ನೀವು ಹುಡುಕಬಾರದು. ಕಣ್ಣು ತೆರದ್ರ ಅದಾ ಎದುರಿಗೆ ನಿಂತಿರಬೇಕು," ಎಂದರು.

ನನಗೆ ಅದು ನಿಂತಿರಲೇ ಇಲ್ಲ. ಪ್ರತಿಸಲ ಕಣ್ಣು ತೆರೆದಾಗ ನಳಿಗೆಯ ಪಕ್ಕೆ ಕಾಣುತ್ತಿತ್ತು, ಇಲ್ಲವೇ ಎದುರಿನ ಗೋಡೆ. ಕುತ್ತಿಗೆಯನ್ನು ವಾರೆ ಮಾಡಿ, ಗದ್ದವನ್ನು ಹಿಡಿಯ ಮೇಲೆ ಹಾಯಿಸಿ, ಕೋಳಿ ಕಾಳು ನೋಡುವ ಹಾಗೆ ನೋಡುತ್ತಿದ್ದೆ. ಮಂಜೂರ್ ಸಾಹೇಬರು ಹಿಡಿಗೆ ತೊಗಲಿನ ತುಂಡು ಕಟ್ಟಿದರು, ಬಿಚ್ಚಿದರು, ಇನ್ನೊಂದು ಕೊಟ್ಟರು. ಚಹಾ ಆರಿತು. ನನಗೆ ಸಾಕಾಯಿತು. ಈ ಜಗತ್ತಿನಲ್ಲಿ ನನ್ನ ಅಳತೆಯದು ಏನೂ ಇಲ್ಲವೆಂದರೆ ಮನೆಗೆ ಹೋಗಿ ಅವ್ವನಿಗೆ ಉಣಿಸುತ್ತ ಕೂರುವುದೇ ಸರಿ ಎನ್ನಿಸಿ ಚೀಲಕ್ಕೆ ಕೈಹಾಕಿದೆ.

"ಒಂದ್ ನಿಮಿಷ ತಡೀರಿ," ಎಂದರು ಅವರು. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಬಾಗಿಲ ಮೇಲಿನ ಗಡಿಯಾರ ನೋಡಲು ಹೇಳಿದರು. ನೋಡಿದೆ. ಬಲಗಣ್ಣು ಮುಚ್ಚಲು ಹೇಳಿದರು. ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಲು ಹೇಳಿದರು. ಗಡಿಯಾರ ಮಾಯವಾಗಿ ಬರೀ ಸುಣ್ಣದ ಗೋಡೆ ಕಂಡಿತು.

"ಸಿಕ್ತು ನೋಡ್ರಿ ಕಳ್ಳ! ನಿಮ್ಮದು ಎಡಗಣ್ಣಿನ ರಾಜ್ಯ. ಬಂದೂಕು ಬಲಕ್ಕ ಹಿಡೀತೀರಿ, ನೋಡೋದು ಎಡಗಣ್ಣು. ಗುರಿ ಹೆಂಗ ಸಿಗತೈತಿ?" ಎನ್ನುತ್ತಲೇ ಅವರು ಕಪ್ಪು ಟೇಪಿನ ತುಂಡು ಹರಿದು ನನ್ನ ಕನ್ನಡಕದ ಎಡಗಾಜಿಗೆ ಅಂಟಿಸಿಬಿಟ್ಟರು. "ಇಷ್ಟಾ ಮದ್ದು. ಎಡದ್ದು ಮುಚ್ಚಿಬಿಡೋದು. ಎಲ್ಲಾರೂ ಹಂಗಾ ಮಾಡ್ತಾರ."

ನಿಜ, ಮಣಿ ಎದುರಿಗೆ ಬಂತು. ಆದರೆ ಆ ಟೇಪಿನ ಕತ್ತಲೆ ಕಣ್ಣಿಗೆ ಬಿದ್ದ ಕೂಡಲೇ ನನ್ನ ಎಡಗೈ ಜುಮ್ಮೆಂದಿತು. ಗುರುಗುಂಟಾದ ಅಡುಗೆಮನೆ ನೆನಪಾಯಿತು. ನಾನು ಸಣ್ಣವಳಿದ್ದಾಗ ಎಡಗೈಯನ್ನೇ ತಟ್ಟೆಗೆ ಹಾಕುತ್ತಿದ್ದೆ. ಅವ್ವ ಸೌಟಿನಿಂದ ಹೊಡೆಯುತ್ತಿದ್ದಳು. ಹೊಡೆತಕ್ಕೆ ಬಗ್ಗದಿದ್ದಾಗ ಹಳೆ ಸೀರೆಯ ಅಂಚು ಹರಿದು ಎಡಗೈಯನ್ನು ಸೊಂಟಕ್ಕೆ ಕಟ್ಟಿ ಉಣ್ಣಲು ಕೂರಿಸುತ್ತಿದ್ದಳು. ಅಪ್ಪ ಎದುರಿಗೇ ಉಣ್ಣುತ್ತ ಕೂತಿರುತ್ತಿದ್ದರು, ಒಂದು ಮಾತು ಆಡುತ್ತಿರಲಿಲ್ಲ. ಬಲಗೈಯಲ್ಲಿ ಉಣ್ಣಲು ಕಲಿತೆ, ಬರೆಯಲು ಕಲಿತೆ, ಚೆಂಡು ಎಸೆಯಲು ಕಲಿತೆ, ನೂರಾರು ಮಕ್ಕಳಿಗೆ ಕಲಿಸಿದೆ. ಎಡಚಿ ಎಂಬುದನ್ನೇ ಮರೆತಿದ್ದೆ. ಕೈಯನ್ನು ತಿದ್ದಬಹುದು, ಕಣ್ಣನ್ನು ಸೊಂಟಕ್ಕೆ ಕಟ್ಟಲು ಯಾರಿಗೂ ಆಗಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ ಇರಬೇಕು.

ಟೇಪು ಕಿತ್ತೆ. ನನಗೆ ವಿಪರೀತ ಸಿಟ್ಟು ಬಂದಿತ್ತು.

"ಎಡಗಡೆ ಹಿಡಿಯೋ ಬಂದೂಕು ಐತೇನ್ರೀ?"

ಮಂಜೂರ್ ಸಾಹೇಬರು ಮುಜುಗರಪಟ್ಟರು. "ಒಂದೈತಿ. ನಿಮ್ಮಂಥಾರಿಗೆ ತೋರಸೋದಲ್ಲ. ಸೊಟ್ಟ ಬಂದೂಕು ಅಂತೀವಿ ಅದಕ್ಕ."

ಕಾಲುವೆ ನೀರಾವರಿಗೆಂದು ವಲಸೆ ಬಂದವರ ಕ್ಯಾಂಪೊಂದರ ಸಾಹುಕಾರನೊಬ್ಬ ಎಡಚನಿದ್ದನಂತೆ, ನನ್ನ ಹಾಗೆಯೇ ಗಿಡ್ಡ. ತನಗೆಂದೇ ಹಿಡಿಯನ್ನು ಎಡಕ್ಕೆ ತುಸು ಬಾಗಿಸಿ ಮಾಡಿಸಿಕೊಂಡಿದ್ದ. ಅವನು ಸತ್ತ ಮೇಲೆ ಮಕ್ಕಳು ತಂದು ಅಂಗಡಿಗೆ ಕೊಟ್ಟರು. ಬಂದವರೆಲ್ಲ ಬಲಭುಜಕ್ಕೆತ್ತಿ, ಇದೇನು ಸೊಟ್ಟ ಎಂದು ಕೆಳಗಿಡುತ್ತಿದ್ದರು. ಮಂಜೂರ್ ಸಾಹೇಬರು ಧೂಳು ಒರೆಸಿ ಕೊಟ್ಟರು. ನಾನು ಕಣ್ಣು ಮುಚ್ಚಿ ಎಡಭುಜಕ್ಕೆತ್ತಿದೆ. ಎತ್ತುವಾಗಲೇ ಕೈಗೆ ಗೊತ್ತಾಯಿತು. ಕೆನ್ನೆ ಹೋಗಿ ಹಿಡಿಯ ಮೇಲೆ ತಾನೇ ಕೂತಿತು, ಕುತ್ತಿಗೆ ನೆಟ್ಟಗಿತ್ತು. ಕಣ್ಣು ತೆರೆದರೆ ಮಣಿ ಎದುರಿಗೆ ನಿಂತಿತ್ತು.

ನನಗೆ ಖುಷಿಯಾಯಿತು. ಸೋದರಮಾವನ ಮಗಳ ಹಳೆ ಲಂಗ, ಅಪ್ಪನ ಬಂದೂಕು, ಅವ್ವನ ಹಟ, ಬರೀ ಬೇರೆಯವರ ಅಳತೆಯಲ್ಲೇ ಇಷ್ಟು ದೂರ ಬಂದಿದ್ದೆ. ಇದೊಂದು ನನ್ನದು. "ಇದನ್ನ ಯಾರಿಗೂ ಕೊಡಬ್ಯಾಡ್ರಿ," ಎಂದೆ. "ಯಾರು ಕೇಳ್ತಾರ್ರೀ ಇದನ್ನ?" ಎಂದರು ಅವರು.

ಅದನ್ನು ನನ್ನ ಲೈಸೆನ್ಸಿಗೆ ಸೇರಿಸಲು ಮತ್ತೆ ಅದೇ ಆಫೀಸು, ಅದೇ ಬೆಂಚು, ಅದೇ ನಾಳೆ ಬನ್ನಿ. ಆ ಕತೆ ಹೇಳುವುದಿಲ್ಲ, ಹೇಳಿದರೆ ಮತ್ತೆ ದಣಿವಾಗುತ್ತದೆ. ಬಿಸಿಲು ಚುರುಕಾಗುವ ಹೊತ್ತಿಗೆ ಬಂದೂಕು ಮನೆಗೆ ಬಂತು. ಅದೇ ವಾರದ ಕೊನೆಗೆ ಕ್ಲಬ್ಬಿನ ಪಂದ್ಯವಿತ್ತು.

ಆಂಜನೇಯ ಅವರು ಹೇಳಿಕೊಟ್ಟ ಹಾಗೆ, ಖಾಲಿ ಬಂದೂಕು ಹಿಡಿದು ಅಲ್ಮಾರಿಯ ಕನ್ನಡಿಯ ಮುಂದೆ ಎತ್ತುವುದು ಇಳಿಸುವುದು ಮಾಡುತ್ತಿದ್ದೆ. ಅವ್ವ ಮಂಚದ ಮೇಲಿನಿಂದ ಕನ್ನಡಿಯಲ್ಲೇ ನೋಡುತ್ತಿದ್ದಳು.

"ಯಾವ ಕೈ ಅದು?"

"ನಂದಾ ಕೈ."

"ನಿಮ್ಮಪ್ಪಾರು ಬಲಗಡೆ ಹಿಡೀತಿದ್ರು. ಅವರ ಬಂದೂಕು ಮೂಲ್ಯಾಗ ನಿಂದ್ರಿಸಿ ಇದ್ಯಾವ ಅಪಶಕುನ ತಂದಿ?"

"ಅಪ್ಪಗ ಬಲ ಕೂಡತಿತ್ತು. ನನಗ ಎಡ ಕೂಡತೈತಿ ಯವ್ವಾ."

"ಗಿಡ ಇದ್ದಾಗ ಬಗ್ಗಿಸಿ ನೆಟ್ಟಗ ಮಾಡಿದ್ನಿ. ಮರ ಆದಮ್ಯಾಗ ಮತ್ತ ಸೊಟ್ಟ ಆದಿ. ಮಂದಿ ನೋಡಿದ್ರ ಏನಂದಾರು, ತಾಯಿ ಏನೂ ಕಲಿಸಿಲ್ಲ ಅಂದಾರು."

ಕನ್ನಡಿಯ ಮುಂದಿನಿಂದ ತಿರುಗಿ ನಿಂತೆ. "ಮುಂಜಾನಿ ಪೂಜ್ಯಾಗ ಲಿಂಗ ಯಾವ ಕೈಯಾಗ ಇಟ್ಕೋತಿ ಯವ್ವಾ?"

ಅವ್ವ ಎಡಗೈಯನ್ನು ಕೌದಿಯೊಳಗೆ ಎಳೆದುಕೊಂಡಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುವುದು ನಮ್ಮ ಪದ್ಧತಿ. ಲಕ್ವಾ ಹೊಡೆದ ಮೇಲೆ ದಿನಾ ಬೆಳಿಗ್ಗೆ ಅವಳ ಎಡ ಅಂಗೈಯ ಮೇಲೆ ಲಿಂಗವಿರುತ್ತದೆ, ನೀರು ಹಾಕಿ ವಿಭೂತಿ ಹಚ್ಚುವ ಬಲಗೈ ನನ್ನದಾಗಿರುತ್ತದೆ.

"ದೇವರು ಕುಂದ್ರಬೌದು ಆ ಕೈಯಾಗ. ಅನ್ನ ಕುಂದ್ರಬಾರದೇನು?"

"ಅದು ಪೀಠ. ಪೀಠ ಬ್ಯಾರೆ, ತುತ್ತು ಬ್ಯಾರೆ. ನನಗ ಕಲಸಾಕ ಬರಬ್ಯಾಡ."

ಅಲ್ಲಿಗೆ ಬಿಡಬೇಕಿತ್ತು. ಶಾಲೆಯಲ್ಲಿ ಅಂದು ಕ್ರೀಡಾಕೂಟದ ತಾಲೀಮು, ಕಾಲು ಬಿದ್ದುಹೋಗಿದ್ದವು. ಬಾಯಿ ನಿಲ್ಲಲಿಲ್ಲ. "ನೀ ತಿದ್ದಿದ ಕೈಲೆ ನಾ ಒಂದು ಬಿಲ್ಲೀನೂ ಒಡಿಲಿಲ್ಲ ನೋಡು," ಎಂದೆ. "ಆ ಕೈಲೆ ಮಾಡಿದ್ದು ಒಂದಾ ಕೆಲಸ. ನಿನಗ ಉಣಿಸಿದ್ದು."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಸಂಜೆ ತಟ್ಟೆ ಹಿಡಿದು ಕುಳಿತರೆ ಹಸಿವಿಲ್ಲ ಎಂದಳು. ಮರುದಿನ ತಿಂದಳು, ಆದರೆ ಮಾತಿಲ್ಲ, ಬೈಗುಳವೂ ಇಲ್ಲ. ಬೈಗುಳವಿಲ್ಲದ ಅವ್ವನಿಗೆ ಉಣಿಸುವುದು ಇನ್ನೂ ಕಷ್ಟ.

ಐತಾರ ಹೊರಡುವ ಮೊದಲು ಅನ್ನಕ್ಕೆ ಬೇಳೆಸಾರು ಕಲಸಿ, ತಟ್ಟೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟೆ. ಬಂದ ಕೂಡಲೇ ಉಣಿಸಬಹುದು ಎಂದಷ್ಟೇ ಅಂದುಕೊಂಡಿದ್ದೆ. "ದೌಡ ಬರ್ತೀನಿ," ಎಂದೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಮಸ್ಕಿಯ ಕಲ್ಲುಭೂಮಿಯಲ್ಲಿ ನಾನು ಎಡಭುಜಕ್ಕೆ ಬಂದೂಕೆತ್ತಿ ನಿಂತಾಗ ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಬಿಲ್ಲೆ ಹಾರಿತು, ತಪ್ಪಿತು. ಎರಡನೆಯದೂ ತಪ್ಪಿತು. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ. ಮೂರನೆಯದು ಮೇಲೇರಿ ಸೂರ್ಯನ ಕಡೆ ವಾಲಿತು. ನಾನೇನೂ ಹುಡುಕಲಿಲ್ಲ, ಕಣ್ಣು ಎಲ್ಲಿತ್ತೋ ಬಂದೂಕು ಅಲ್ಲಿಗೇ ಹೋಯಿತು. ಗಾಳಿಯಲ್ಲಿ ಒಂದು ಹಿಡಿ ಕರಿಪುಡಿ ಕಂಡಿತು, ಬಿಲ್ಲೆ ಇರಲಿಲ್ಲ. ಆಂಜನೇಯ ಅವರು ಕೂಗಿದ್ದು ನನಗೆ ಕೇಳಿಸಲಿಲ್ಲ. ಆಮೇಲೆ ಇನ್ನೂ ಕೆಲವು ಒಡೆದವು.

"ಟೀಚರ್, ಎರಡನೇ ಸುತ್ತಿಗೆ ಬಂದೀರಿ ನೀವು! ಹನ್ನೆರಡಕ್ಕ ಚಾಲೂ. ಇರ್ತೀರಲ್ಲ?" ಎಂದರು ಅವರು.

ನಾನು ದೂರ ಹೋಗಿ ಹೊನ್ನೂರಮ್ಮನಿಗೆ ಫೋನು ಮಾಡಿದೆ. "ತಟ್ಟೆಯಾಗ ಅನ್ನ ಐತಿ. ಹೆಂಗರ ಮಾಡಿ ಎರಡು ತುತ್ತು ಉಣಸು," ಎಂದೆ.

"ಬಾಯಾ ತೆರೀವಲ್ಲಳ್ರೀ ಟೀಚರ್. ಅಂಬಲಿನೂ ಬ್ಯಾಡ ಅಂದಾಳ. ನೀವು ಬರೋದು ತಡ ಏನ್ರೀ?"

ಬಸ್ಸಿನ ಹೊತ್ತಾಗಿತ್ತು. ರಸ್ತೆ ಕಣ್ಣೆದುರಿಗೇ ಇತ್ತು. ಇಷ್ಟು ದಿನ ಯಾವಾಗಲೂ ಓಡಿದವಳೇ ನಾನು. ಅಂದು ಓಡಲಿಲ್ಲ. "ತಡ ಆಗತೈತಿ," ಎಂದು ಫೋನು ಇಟ್ಟು, ಕಲ್ಲಿನ ಮೇಲೆ ಕುಳಿತೆ. ಹಸಿದ ತಾಯಿಯನ್ನು ಬಿಟ್ಟು ಬಿಲ್ಲೆ ಒಡೆಯಲು ಕುಳಿತ ಮಗಳು ಎಂದು ನನ್ನನ್ನು ನಾನೇ ಬೈದುಕೊಂಡೆ, ಆದರೂ ಏಳಲಿಲ್ಲ. ಎರಡನೇ ಸುತ್ತಿನಲ್ಲಿ ಸೋತೆ. ಸೋತದ್ದಕ್ಕೆ ಬೇಸರವಾಗಲಿಲ್ಲ, ಮನೆಗೆ ಹೋಗುವುದಕ್ಕೆ ಮಾತ್ರ ಹೆದರಿಕೆಯಾಗುತ್ತಿತ್ತು.

ಲಿಂಗಸುಗೂರು ಮುಟ್ಟುವ ಹೊತ್ತಿಗೆ ಮೂರು ದಾಟಿತ್ತು. ಹೊನ್ನೂರಮ್ಮ ನಮ್ಮ ಕಟ್ಟೆಯ ಮೇಲೆ ಸೆರಗು ಬೀಸಿಕೊಳ್ಳುತ್ತ ಕೂತಿದ್ದಳು.

"ನಾ ಏನೂ ಮಾಡಿಲ್ರೀ ಟೀಚರ್. ನೀವು ಫೋನ್ ಇಟ್ಟಿಂದ ತಡ ಆಗತೈತಂತ ಅಂತ ಹೇಳಿದ್ನಿ. ಆಮ್ಯಾಲೆ, 'ನೀ ಹೊರಗ ನಡಿ, ಬಾಗಲಾ ಮುಂದ ಮಾಡು' ಅಂದಳು. ಕರದ್ರ ಓ ಅಂತಾಳ, ಒಳಗ ಬಿಡವಲ್ಲಳು."

ಬಂದೂಕನ್ನು ಹೆಗಲಿನಲ್ಲೇ ಇಟ್ಟುಕೊಂಡು ಬಾಗಿಲು ತಳ್ಳಿದೆ. ಅವ್ವ ದಿಂಬಿಗೆ ಒರಗಿ ಕುಳಿತಿದ್ದಳು. ಕೌದಿಯ ಮೇಲೆಲ್ಲ ಅನ್ನದ ಅಗುಳು, ಸೀರೆಯ ಮೇಲೆ ಸಾರು, ಗದ್ದಕ್ಕೆ ಬೇಳೆ, ಮೂಗಿನ ತುದಿಗೂ ಒಂದು ಅಗುಳು ಅಂಟಿತ್ತು. ತಟ್ಟೆ ಅವಳ ತೊಡೆಯ ಮೇಲಿತ್ತು, ಅರ್ಧದಷ್ಟು ಖಾಲಿಯಾಗಿತ್ತು. ಸಾರು ಒಣಗಿದ ಎಡಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು.

ಬಂದೂಕನ್ನು ಅಪ್ಪನ ಬಂದೂಕಿನ ಪಕ್ಕ ನಿಲ್ಲಿಸಿದೆ. ತಂಬಿಗೆಯಲ್ಲಿ ನೀರು, ಒಂದು ಬೋಗುಣಿ ತಂದು ಮಂಚದ ಅಂಚಿಗೆ ಕುಳಿತೆ. ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿನ ಸಂದಿನಿಂದ ಅನ್ನ ತೊಳೆದೆ. ನನ್ನ ಕಣ್ಣೀರು ಅದೇ ಬೋಗುಣಿಗೆ ಬೀಳುತ್ತಿತ್ತು. ಅವ್ವ ಅದನ್ನು ನೋಡಿಯೂ ನೋಡದವಳಂತೆ ಮೂಲೆಯ ಕಡೆ ನೋಡುತ್ತಿದ್ದಳು, ಎರಡು ಬಂದೂಕು ನಿಂತಿದ್ದ ಕಡೆ.

"ಒಡದ್ಯಾ?" ಎಂದಳು.

"ಒಡದೆ ಯವ್ವಾ."

ಅವಳು ಹೂಂ ಎಂದಳು. ಸೀರೆಯ ಮೇಲಿನ ಸಾರನ್ನು ನಾನು ಒರೆಸಿದೆ. ಆಮೇಲೆ ಎಂದಿನ ಗಡಸು ದನಿಯಲ್ಲಿ ಹೇಳಿದಳು:

"ಮುಂದಿನ ಐತಾರ ಅನ್ನ ಇಡಬ್ಯಾಡ, ಈ ಕೈಯಾಗ ನಿಂದ್ರಂಗಿಲ್ಲ ಅದು. ರೊಟ್ಟಿ ಮುರದಿಟ್ಟು ಹೋಗು."